ಬಿಳಿ ಕಾಲಿನ ನಾಯಿಗೆ ಆಗದ ಸೂಜಿ

“ಇದಕ್ಕೂ ಅದೇ ಸೂಜೀನಾ?” ಎಂದು ಅಂಜನಪ್ಪ ಕೇಳಿದ.

ಉತ್ತರ ಕೊಟ್ಟದ್ದು ನಾಯಿಯೇ. ಕಟ್ಟಿದ್ದ ಸರಪಳಿಯನ್ನು ಕಿತ್ತುಕೊಂಡು ಬರುವಂತೆ ಎಗರಿ, ಅವನ ಪ್ಯಾಂಟಿನ ಅಂಚಿಗೆ ಬಾಯಿ ಹಾಕಿತು. ಕಪ್ಪು ಬೆನ್ನಿನ ದಪ್ಪನೆಯ ಅಲ್ಸೇಷಿಯನ್. ರೋಗ ರುಜಿನದ ಸುಳಿವೇ ಅದರ ಮೈಮೇಲಿರಲಿಲ್ಲ.

“ಅದೇ ಸೂಜಿ ಸಾರ್, ಅದೇ ಬಾಟ್ಲಿ, ಅದೇ ದಿನ,” ಎಂದ ಮನೆಯ ಯಜಮಾನ ಅಣ್ಣಯ್ಯಪ್ಪ. ಮಾರ್ಕೆಟ್ಟಿನಲ್ಲಿ ತರಕಾರಿ ಮಂಡಿ ಇಟ್ಟವನು. ಬೆಳಗಿನ ವ್ಯಾಪಾರ ಮುಗಿಸಿ ಬಂದು ಬನಿಯನ್ನಿನಲ್ಲೇ ಜಗಲಿಯ ಮೇಲೆ ಕೂತಿದ್ದ. “ಪಕ್ಕದ್ಮನೆ ಪಮೇರಿಯನ್ನಿಗೂ ಹಾಕಿದ್ರು. ಮೂಲೆಮನೆ ನಾಟಿ ನಾಯಿಗೂ ಹಾಕಿದ್ರು. ಒಂದಕ್ಕಾದ್ರೂ ಒಂದು ಸೀನು ಬಂದಿದ್ರೆ ಕೇಳಿ. ಭೀಮ ಒಂದೇ ಸಾರ್ ಹೋಗಿದ್ದು.”

ಹೊಟ್ಟೆಯ ಹುಳಕ್ಕೂ ಮೈಯ ಉಣ್ಣಿಗೂ ಒಂದೇ ಸೂಜಿ, ಅದೂ ಕಂಪನಿಯವರು ಕೊಟ್ಟ ಪುಕ್ಕಟೆ ಸ್ಯಾಂಪಲ್ ಎಂದ ಮೇಲೆ ಕೇಳಬೇಕೆ? ಬಾಟಲು ದನದ ಲೆಕ್ಕದ್ದು, ತೆರೆದ ಮೇಲೆ ಇಟ್ಟುಕೊಳ್ಳುವ ಹಾಗಿಲ್ಲ. ಬಸವನಗುಡಿಯ ಆ ಅಡ್ಡರಸ್ತೆಯ ಜನ ತಮ್ಮ ತಮ್ಮ ನಾಯಿಗಳನ್ನು ಹಿಡಿದುಕೊಂಡು, ಪ್ರಸಾದ ಹಂಚುವವನಿಗೆ ಕಾದಂತೆ ಗೇಟಿನಲ್ಲಿ ನಿಂತಿದ್ದರು. ದನದ ಡಾಕ್ಟರ ಕಾಂಪೌಂಡರ್ ಕಾಳಪ್ಪ ಮನೆ ಮನೆಗೂ ಹೋಗಿ ಸೂಜಿ ಹಾಕಿ ಬಂದಿದ್ದ.

ಮರುದಿನ ಮಧ್ಯಾಹ್ನ ರಸ್ತೆಯ ಕೊನೆಯ ಮನೆಯ ಭೀಮ ಸತ್ತಿತು. ಅದರ ಮರುದಿನ ಬೆಳಿಗ್ಗೆ ಹಾಲು ತಂದವಳು, ಅದರ ಒಡತಿ ಲಕ್ಷ್ಮೀದೇವಮ್ಮನವರನ್ನು ಹಾಸಿಗೆಯ ಮೇಲೆ ಹೆಣವಾಗಿ ಕಂಡಳು. ಮುಖದ ಮೇಲೆ ದಿಂಬು, ಪಕ್ಕದಲ್ಲಿ ಬಾಯ್ದೆರೆದ ಬೀರು. ಅಂದು ಸಂಜೆಯೇ ಪೊಲೀಸರು ಕಾಳಪ್ಪನನ್ನು ಎಳೆದುಕೊಂಡು ಹೋದರು.

ಮೊದಲು ನಾಯಿಯನ್ನು ಮುಗಿಸಿದ, ಆಮೇಲೆ ಮುದುಕಿಯನ್ನು ಮುಗಿಸಿದ. ಆ ಠಾಣೆಯ ಇನ್ಸ್‌ಪೆಕ್ಟರ್ ಬೈರಯ್ಯನಿಗೆ ಇಷ್ಟು ಸಲೀಸಾದ ಕೇಸು ಹಿಂದೆಂದೂ ಸಿಕ್ಕಿರಲಿಲ್ಲ.

ಅಂಜನಪ್ಪನೂ ಪೊಲೀಸಿನವನೇ, ಬೇರೊಂದು ಠಾಣೆಯ ಸಬ್‌ಇನ್ಸ್‌ಪೆಕ್ಟರು. ಈ ಕೇಸಿನಲ್ಲಿ ಮೂಗು ತೂರಿಸುವ ಅಧಿಕಾರ ಅವನಿಗೆ ಎಳ್ಳಷ್ಟೂ ಇರಲಿಲ್ಲ. ಆದರೆ ಕಾಳಪ್ಪ ಅವನ ಹೆಂಡತಿ ಕಮಲಮ್ಮನ ಒಡಹುಟ್ಟಿದ ತಮ್ಮ. ತಾಯಿ ತೀರಿಕೊಂಡಾಗಿನಿಂದ ಅಕ್ಕನ ಮನೆಯಲ್ಲೇ ಉಂಡು ಬೆಳೆದವನು. ಆ ಕಾಂಪೌಂಡರ್ ಕೆಲಸವನ್ನು ಕಾಡಿಬೇಡಿ ಕೊಡಿಸಿದ್ದು ಅಂಜನಪ್ಪನೇ. ಸುದ್ದಿ ಕೇಳಿದಾಗಿನಿಂದ ಕಮಲಮ್ಮ ಒಲೆ ಹಚ್ಚಿರಲಿಲ್ಲ, ಗೋಡೆಗೆ ಒರಗಿ ಕೂತವಳು ಎದ್ದಿರಲಿಲ್ಲ. ಅಂಜನಪ್ಪ ರಜೆ ಹಾಕಿ ಮಫ್ತಿಯಲ್ಲಿ ಹೊರಟಿದ್ದ.

“ನೋಡು ಗುರು,” ಎಂದಿದ್ದ ಬೈರಯ್ಯ. “ಇನ್ನೂ ಅರೆಸ್ಟ್ ಅಂತ ಕಾಗದದ ಮೇಲೆ ತೋರ್ಸಿಲ್ಲ, ನಿನ್ನ ಮುಖ ನೋಡಿ. ಆದ್ರೆ ನಾಳೆ ಬೆಳಿಗ್ಗೆ ಕೋರ್ಟಿಗೆ ಕರ್ಕೊಂಡ್ಹೋಗ್ಲೇಬೇಕು. ಅಷ್ಟರೊಳಗೆ ಆ ನಾಯೀನ ಇವನು ಬೇಕಂತ ಸಾಯಿಸಿಲ್ಲ ಅಂತ ತೋರ್ಸು. ನಾನೇ ಬಿಟ್ಟು ಕಳಿಸ್ತೀನಿ.”

ತರಬೇತಿಯ ಕಾಲದಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿ ಮಲಗಿದವರು. ಗೆಳೆಯ ಅಷ್ಟಾದರೂ ದಾಕ್ಷಿಣ್ಯ ಇಟ್ಟುಕೊಂಡಿದ್ದಾನಲ್ಲ ಎಂದು ಅಂಜನಪ್ಪನಿಗೆ ಕಣ್ಣು ತುಂಬಿ ಬಂದಿತ್ತು.

“ಭೀಮನಿಗೆ ಬೇರೆ ಬಾಟ್ಲಿಯಿಂದ ಏನಾದ್ರೂ ಹಾಕಿದ್ನಾ?” ಎಂದು ಈಗ ಅಣ್ಣಯ್ಯಪ್ಪನನ್ನು ಕೇಳಿದ.

“ಬೇರೆ ಬಾಟ್ಲಿ ಎಲ್ಲಿಂದ ಬರ್ಬೇಕು ಸಾರ್? ಅವನ ಚೀಲದಲ್ಲಿ ಇದ್ದಿದ್ದೇ ಒಂದು. ನಮ್ಮ ನಾಯಿಗೆ ಹಾಕಿ, ಎನ್.ಆರ್. ಕಾಲೋನಿಗೆ ಹೋಗ್ಬರ್ತೀನಿ ಅಂತ ಹೋಗಿ, ಸಾಯಂಕಾಲ ಅದೇ ಚೀಲ ಹಿಡ್ಕೊಂಡು ಲಕ್ಷ್ಮೀದೇವಮ್ಮನೋರ ಗೇಟಲ್ಲಿ ನಿಂತಿದ್ದ. ಆ ಗೇಟು ದಾಟೋಕೆ ಬೇರೆ ಯಾರ್ಗೂ ಧೈರ್ಯ ಇರ್ಲಿಲ್ಲ ಬಿಡಿ. ಭೀಮ ಕಾಳಪ್ಪನ್ನ ಒಬ್ಬನ್ನೇ ಸಹಿಸ್ತಿದ್ದಿದ್ದು.”

ಅಂಜನಪ್ಪನಿಗೆ ಈ ಕೊನೆಯ ಮಾತು ಹಿಡಿಸಲಿಲ್ಲ. ಕೋರ್ಟಿನಲ್ಲಿ ಯಾರಾದರೂ ಇದನ್ನೇ ಹೇಳಿದರೆ ಹೇಗಿರುತ್ತದೆ ಎಂದು ಯೋಚಿಸುತ್ತ, ಆ ಕೊನೆಯ ಮನೆಯ ಕಡೆ ನೋಡಿದ. ಮುಚ್ಚಿದ ಗೇಟಿನ ಒಳಗೆ ನಾಯಿ ಕಟ್ಟುತ್ತಿದ್ದ ಕಂಬ ಕಾಣುತ್ತಿತ್ತು. ಅದರ ಸುತ್ತ ಮಣ್ಣು ಕೆದರಿಹೋಗಿತ್ತು, ಸಾಯುವ ಮುನ್ನ ಆ ಪ್ರಾಣಿ ಎಷ್ಟು ಒದ್ದಾಡಿತ್ತೋ.

*

ಚಾಮರಾಜಪೇಟೆಯಲ್ಲಿ ಪರಮಶಿವಯ್ಯನವರ ಕ್ಲಿನಿಕ್ಕಿನ ಬಾಗಿಲು ಅರ್ಧ ಹಾಕಿತ್ತು. ಊರಿಗೆಲ್ಲ ಅವರು ದನದ ಡಾಕ್ಟರು. ದನಗಳು ಪೇಟೆಯಿಂದ ಕಡಿಮೆಯಾದ ಮೇಲೆ ನಾಯಿಗಳನ್ನೂ ನೋಡುತ್ತಿದ್ದರು, ಹೆಸರು ಮಾತ್ರ ಬದಲಾಗಿರಲಿಲ್ಲ. ತುಂಬ ಮಾತಿನ ಮನುಷ್ಯ. ಇವತ್ತು ನಶ್ಯದ ಡಬ್ಬಿ ಹಿಡಿದುಕೊಂಡು, ಮುಚ್ಚಳ ತೆರೆಯುವುದನ್ನೇ ಮರೆತು ಕೂತಿದ್ದರು.

“ನನ್ನ ಕೈಯಿಂದ್ಲೇ ಆಗಿದ್ದಪ್ಪ ಇದು,” ಎಂದರು, ಅಂಜನಪ್ಪ ಕೂರುವ ಮೊದಲೇ. “ಕಾಳಪ್ಪಂದೇನೂ ತಪ್ಪಿಲ್ಲ. ಎಲ್ಲ ನಾಯಿಗೂ ಹಾಕ್ಬಿಡೋ ಅಂದೋನು ನಾನು.”

“ಭೀಮನ್ನ ಕೊನೇಲಿ ನೋಡಿದ್ರಾ ಸಾರ್?”

“ನೋಡ್ದೆ. ಬೆಳಿಗ್ಗೆ ಕರೆಸಿದ್ರು ಆಯಮ್ಮ. ಬಾಯಲ್ಲಿ ಜೊಲ್ಲು ಸುರೀತಿತ್ತು. ಕಣ್ಣು ತೆರೆದೇ ಇತ್ತು, ಆದ್ರೆ ಕಾಣ್ತಿರ್ಲಿಲ್ಲ. ಗೋಡೆಗೆ ಹೋಗಿ ಹೊಡ್ಕೊಳ್ಳೋದು, ತಿರುಗೋದು, ಮತ್ತೆ ಹೊಡ್ಕೊಳ್ಳೋದು. ಆಮೇಲೆ ಬಿದ್ದು ನಡುಗೋಕೆ ಶುರುವಾಯ್ತು. ಆಯಮ್ಮ ಅದರ ತಲೆ ತೊಡೆ ಮೇಲಿಟ್ಕೊಂಡು ತಪ್ಪಾಯ್ತು ಕಣೋ, ತಪ್ಪಾಯ್ತು ಕಣೋ ಅಂತ ಅಳ್ತಿದ್ರು. ನಲವತ್ತು ವರ್ಷದ ಸರ್ವಿಸ್ಸಲ್ಲಿ ನಾನು ಅಂಥದ್ದು ಕಂಡಿರ್ಲಿಲ್ಲ.”

“ವಿಷ ಇರ್ಬಹುದಾ?”

“ನಾನೂ ಅದನ್ನೇ ಅಂದ್ಕೊಂಡೆ.” ಪರಮಶಿವಯ್ಯ ಕೊನೆಗೂ ಡಬ್ಬಿ ತೆರೆದರು. “ಮನಸ್ಸು ತಡೀಲಿಲ್ಲ. ಹೆಬ್ಬಾಳದ ಕಾಲೇಜಲ್ಲಿ ನನ್ನ ಜೊತೆ ಓದಿದೋನೊಬ್ಬ ಇದಾನೆ, ಅವನಿಗೆ ಫೋನ್ ಮಾಡ್ದೆ. ‘ಅಯ್ಯೋ, ಕೋಲಿ ನಾಯಿಗೆ ಕೊಟ್ಯೇನೋ?’ ಅಂದ. ಆ ಮದ್ದಿನ ಮೇಲೆ ವಿಲಾಯ್ತಿ ಕಡೆಯಿಂದ ಒಂದರ ಮೇಲೊಂದು ವರದಿ ಬರ್ತಿದೆಯಂತೆ. ಬೇರೆ ಜಾತಿ ನಾಯಿಗೆ ಹುಳ ಸಾಯ್ಸಿ ಸುಮ್ಮನಾಗೋ ಮದ್ದು ಈ ಕೋಲಿಗೆ ಮಾತ್ರ ಮಿದುಳಿಗೇ ನುಗ್ಗುತ್ತಂತೆ. ಯಾಕೆ ಅಂತ ಇನ್ನೂ ಯಾರಿಗೂ ಗೊತ್ತಿಲ್ಲ. ಎಲ್ಲ ಕೋಲಿಗೂ ಹಾಗಾಗಲ್ಲ, ಆದ್ರೆ ಯಾವುದಕ್ಕಾಗುತ್ತೆ ಅಂತ ಮೊದಲೇ ಹೇಳೋಕಾಗಲ್ಲ. ಬಿಳಿ ಕಾಲು ಕಂಡ್ರೆ ಸೂಜಿ ಚುಚ್ಚದೆ ಚೀಲದೊಳಗಿಡಿ ಅಂತ ಅಲ್ಲಿಯ ಡಾಕ್ಟ್ರುಗಳು ಹೇಳ್ಕೋತಾರಂತೆ.”

ಭೀಮ ಅದೇ ಜಾತಿಯದು, ಕುರಿ ಕಾಯುವ ವಿಲಾಯ್ತಿ ಕೋಲಿ. ನಾಲ್ಕು ಕಾಲೂ ಬೆಳ್ಳಗಿದ್ದವು. ಕೊರಳ ಸುತ್ತ ಬಿಳಿ ಕೂದಲು, ಉದ್ದ ಮೂತಿ. ಬಸವನಗುಡಿಯ ಮಕ್ಕಳು ಅದನ್ನು ನೋಡಲೆಂದೇ ಆ ದಾರಿ ಹಿಡಿಯುತ್ತಿದ್ದರು.

ಅಂಜನಪ್ಪನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. “ಅಂದ್ರೆ ಇದು ಯಾರೂ ಮಾಡಿದ್ದಲ್ಲ. ಡಾಕ್ಟರಾದ ನಿಮಗೇ ಗೊತ್ತಿಲ್ಲದ್ದು ಕಾಂಪೌಂಡರಿಗೆ ಹೇಗೆ ಗೊತ್ತಿರುತ್ತೆ?”

“ಗೊತ್ತಿರೋಕೆ ಸಾಧ್ಯವೇ ಇಲ್ಲ.”

“ಇದನ್ನ ಬೈರಯ್ಯನ ಮುಂದೆ ಹೇಳ್ತೀರಾ?”

“ಎಲ್ಲಿ ಬೇಕಾದ್ರೂ ಹೇಳ್ತೀನಿ.”

ಅಲ್ಲಿಗೇ ಎದ್ದು ಓಡಬಹುದಿತ್ತು. ಆದರೆ ಪೊಲೀಸಿನ ಬುದ್ಧಿ ಸುಮ್ಮನಿರಬೇಕಲ್ಲ. ನಾಯಿ ಸತ್ತ ರಾತ್ರಿಯೇ ಒಡತಿಯೂ ಸಾಯುವುದು ಬರೀ ಕಾಕತಾಳೀಯ ಎಂದರೆ ಯಾವ ಬೈರಯ್ಯ ನಂಬುತ್ತಾನೆ? ಕೋಲಿಗೆ ಈ ಮದ್ದು ಆಗದು ಎಂದು ಬಲ್ಲವರೊಬ್ಬರು ಈ ಊರಿನಲ್ಲಿ ಇದ್ದರೆ, ಮುದುಕಿಯ ಮುಖಕ್ಕೆ ದಿಂಬು ಒತ್ತಿದ್ದೂ ಅವರೇ. ಅಂಜನಪ್ಪನಿಗೆ ಈ ಲೆಕ್ಕ ಎಷ್ಟು ಸರಿಯಾಗಿ ಕಂಡಿತೆಂದರೆ, ಬಾಯಿಬಿಟ್ಟೇ ಹೇಳಿದ.

“ಗೊತ್ತಿದ್ದೋನೇ ಕೊಂದೋನು ಸಾರ್. ಆ ಬಾಟ್ಲಿ ತಂದ್ಕೊಟ್ಟಿದ್ದು ಯಾರು?”

ಪರಮಶಿವಯ್ಯ ನಶ್ಯ ಏರಿಸಿ, ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡರು. “ಕಂಪನಿ ರೆಪ್ರೆಸೆಂಟೇಟಿವ್. ಬದರೀನಾರಾಯಣ ಅಂತ, ಮಲ್ಲೇಶ್ವರದೋನು.” ಕರವಸ್ತ್ರ ಮಡಿಸಿಟ್ಟು, “ಲಕ್ಷ್ಮೀದೇವಮ್ಮನೋರ ಮೈದುನನ ಮಗ ಅವನು. ಆಯಮ್ಮನಿಗೆ ಮಕ್ಕಳಿಲ್ಲ. ಆ ಮನೆ ಇನ್ಮೇಲೆ ಅವನದೇ,” ಎಂದರು.

*

ಬದರೀನಾರಾಯಣ ಒದ್ದೆ ಪಂಚೆಯಲ್ಲಿ, ಬರೀ ನೆಲದ ಮೇಲೆ ಕೂತಿದ್ದ. ದೊಡ್ಡಮ್ಮನ ಚಿತೆಗೆ ಬೆಂಕಿಯಿಟ್ಟವನು ಅವನೇ. ಗಡ್ಡ ಕುರುಚಲಾಗಿತ್ತು. ಅವನ ಟೈ, ಚರ್ಮದ ಬ್ಯಾಗು, ಹೊಳೆಯುವ ಬೂಟು ಮೂರೂ ಮೂಲೆಯಲ್ಲಿ ಬಿದ್ದಿದ್ದವು.

“ಸೂತಕದ ಮನೆ, ಕಾಫಿ ಕೊಡೋ ಹಾಗಿಲ್ಲ. ತಪ್ಪು ತಿಳ್ಕೋಬೇಡಿ,” ಎಂದ.

“ಕಾಫಿಗೆ ಬಂದಿಲ್ಲ,” ಎಂದು ಅಂಜನಪ್ಪ ಹೊಸ್ತಿಲಿನ ಆಚೆಯೇ ನಿಂತ. “ಕೋಲಿ ನಾಯಿಗೆ ನಿಮ್ಮ ಕಂಪನಿ ಮದ್ದು ಆಗಲ್ಲ ಅಂತ ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

ಸುಳ್ಳಿಗೆ ಸಿದ್ಧನಾಗಿ ಬಂದಿದ್ದ ಅಂಜನಪ್ಪ ಒಂದು ಗಳಿಗೆ ತಬ್ಬಿಬ್ಬಾದ.

“ಬೊಂಬಾಯಿಗೆ ಕರೆಸಿ ನಮ್ಗೆಲ್ಲ ಹೇಳಿದ್ರು,” ಎಂದ ಬದರೀನಾರಾಯಣ. “ಮದ್ದು ದನಕ್ಕೆ. ನಾ‌ಯಿಗೆ ಕೊಡಬಹುದಾ ಅಂತ ಯಾರಾದ್ರೂ ಕೇಳಿದ್ರೆ ನಾವು ಹೇಳಿಲ್ಲ ಅನ್ನಿ. ಕೋಲಿಗೆ ಅಂತ ಕೇಳಿದ್ರೆ ಬೇಡವೇ ಬೇಡ ಅನ್ನಿ. ಅಷ್ಟು ಸ್ಪಷ್ಟವಾಗಿ ಹೇಳಿದ್ರು.”

“ನಿಮ್ಮ ದೊಡ್ಡಮ್ಮನ ಮನೇಲಿರೋದು ಕೋಲಿ ಅಂತ್ಲೂ ಗೊತ್ತಿತ್ತು.”

“ಆ ನಾಯಿ ಹಲ್ಲಿಗೆ ನನ್ನ ಪಂಚೆ ಎಷ್ಟು ಸಲ ಹೋಗಿದೆ ಅಂತ ಕೇಳಿ. ಗೊತ್ತಿರದೆ ಏನು?”

“ಆದ್ರೂ ಬಾಟ್ಲಿ ತಂದ್ಕೊಟ್ರಿ. ನಾಯಿ ಹೋಯ್ತು. ದೊಡ್ಡಮ್ಮ ಹೋದ್ರು. ಮನೆ ನಿಮ್ಮದಾಯ್ತು.”

ಬದರೀನಾರಾಯಣ ಎದ್ದುನಿಂತ. ಒಳಗಿನಿಂದ ಯಾವುದೋ ಹೆಂಗಸಿನ ದನಿ ‘ಏನಂತೆ?’ ಎಂದು ಕೇಳಿತು.

“ಸೂತಕ ಕಳೀಲಿ ಅಂತ್ಲೂ ಕಾಯದೆ ಇದನ್ನ ಕೇಳೋಕೆ ಬಂದ್ರಾ? ಆ ಮನೆ ನನಗೆ ಅಂತ ದೊಡ್ಡಮ್ಮ ಎಂದೋ ಹೇಳಿಬಿಟ್ಟಿದ್ರು. ಅದಕ್ಕಾಗಿ ದಿಂಬು ಒತ್ತೋ ಕೆಲಸ ನನಗೇನಿತ್ತು? ಅವರು ಹೋಗೋ ಮುನ್ನಾ ದಿನದಿಂದ ನಾನು ಊರಲ್ಲೇ ಇರ್ಲಿಲ್ಲ, ಮೈಸೂರಿನ ಡಾಕ್ಟ್ರುಗಳನ್ನ ನೋಡ್ತಾ ಇದ್ದೆ. ಅಲ್ಲಿಗೆ ತಂತಿ ಕೊಟ್ಟು ಕರೆಸಿದ್ದು ಬೈರಯ್ಯನೋರೇ. ಅವರನ್ನೇ ಕೇಳಿ.”

“ಕೇಳ್ತೀನಿ. ಡಾಕ್ಟ್ರಿಗೆ ಯಾಕೆ ಎಚ್ಚರಿಕೆ ಕೊಡ್ಲಿಲ್ಲ, ಅದು ಹೇಳಿ.”

“ಡಾಕ್ಟ್ರು ಇದ್ರೆ ತಾನೆ? ಮತ್ತಿಕೆರೆ ಕಡೆ ಎಮ್ಮೆ ಕರು ಹಾಕೋಕೆ ಕಷ್ಟಪಡ್ತಿದೆ ಅಂತ ಹೋಗಿದ್ರು. ಕ್ಲಿನಿಕ್ಕಲ್ಲಿ ಕಾಂಪೌಂಡರ್ ಒಬ್ಬನೇ ಇದ್ದ. ಅವನಿಗೆ ಹೇಳಿ ಬಂದೆ.”

“ಏನಂತ?”

“‘ನೋಡಪ್ಪ ಕಾಳಪ್ಪ, ಇದು ದನದ ಮದ್ದು. ನಿಮ್ಮ ಡಾಕ್ಟ್ರು ನಾಯಿಗೆ ಹಾಕು ಅಂದ್ರೂ ಅಂದಾರು. ಕೋಲಿಗೆ ಮಾತ್ರ ಬೇಡ, ತಲೆಗೇರಿ ಬಿದ್ದುಬಿಡುತ್ತೆ’ ಅಂದೆ. ಹೆಸರು ಹಿಡಿದೇ ಹೇಳ್ದೆ. ಭೀಮನಿಗೂ ಬೇಡ, ರಾಣಿಗೂ ಬೇಡ ಅಂತ. ‘ಸರಿ ಸಾರ್’ ಅಂದ.”

“ಸುಳ್ಳು ಹೇಳ್ತಿದೀರಿ.” ಅಂಜನಪ್ಪನ ದನಿ ಅವನಿಗೇ ಕೇಳದಷ್ಟು ಸಣ್ಣಗಾಗಿತ್ತು.

“ಸುಳ್ಳೋ ನಿಜವೋ ಕಣ್ಣಾರೆ ನೋಡ್ಬನ್ನಿ. ರಾಣಿ ಭೀಮನ ಒಡಹುಟ್ಟು, ಒಂದೇ ಸೂಲಿನ ಮರಿಗಳು. ಎನ್.ಆರ್. ಕಾಲೋನಿ ಸುಬ್ಬಲಕ್ಷ್ಮಮ್ಮನೋರ ಮನೇಲಿದೆ. ಆ ಮನೆಗೆ ಹೋಗೋನೂ ನಿಮ್ಮ ಕಾಳಪ್ಪನೇ. ರಾಣಿ ಸತ್ತಿದ್ರೆ ಬಂದು ನನ್ನ ಕೈಗೆ ಬೇಡಿ ಹಾಕಿ. ಬದುಕಿದ್ರೆ, ಯಾಕೆ ಬದುಕಿದೆ ಅಂತ ಒಂದು ಮಾತು ಕೇಳಿ.”

*

ಮಲ್ಲೇಶ್ವರದಿಂದ ಎನ್.ಆರ್. ಕಾಲೋನಿಯ ತನಕ ಬಿ.ಟಿ.ಎಸ್. ಬಸ್ಸಿನಲ್ಲಿ ಕೂತು ಅಂಜನಪ್ಪ ಬೇಡಿಕೊಂಡದ್ದು ಒಂದೇ. ಆ ನಾಯಿ ಸತ್ತಿರಲಪ್ಪ ದೇವರೇ.

ಯಾರದೋ ಮನೆಯ, ಕಂಡೂ ಅರಿಯದ ಮೂಕಪ್ರಾಣಿ ಸಾಯಲಿ ಎಂದು ಬಯಸುವುದು ಒಳ್ಳೆಯ ಮನುಷ್ಯನ ಲಕ್ಷಣವಲ್ಲ. ಅದು ಅವನಿಗೂ ಗೊತ್ತಿತ್ತು. ಆದರೆ ರಾಣಿಯೂ ಸತ್ತಿದ್ದರೆ ಕಾಳಪ್ಪ ಏನೂ ಅರಿಯದೆ ಎರಡಕ್ಕೂ ಸೂಜಿ ಹಾಕಿದ ಎಂದಾಗುತ್ತಿತ್ತು. ಪೆದ್ದ ಎನ್ನಿಸಿಕೊಂಡರೂ ಮನೆಗೆ ಬರುತ್ತಿದ್ದ. ಗೋಡೆಗೆ ಒರಗಿ ಕೂತ ಕಮಲಮ್ಮ ಎದ್ದು ಒಲೆ ಹಚ್ಚುತ್ತಿದ್ದಳು.

ಗೇಟಿಗೆ ಕೈ ಹಾಕಿದ್ದೇ ತಡ, ಒಳಗಿನಿಂದ ಗಟ್ಟಿ ದನಿಯಲ್ಲಿ ನಾಯಿ ಬೊಗಳಿತು.

ಉದ್ದ ಮೂತಿ, ಕೊರಳಲ್ಲಿ ಬಿಳಿ, ಕಾಲುಗಳೆಲ್ಲ ಬಿಳಿ. ಓಡಿಬಂದು ಗೇಟಿನ ಮೇಲೆ ಮುಂಗಾಲಿಟ್ಟು ಬಾಲ ಆಡಿಸಿತು. ಅಂಜನಪ್ಪ ಗೇಟಿನಿಂದ ಕೈ ಹಿಂದಕ್ಕೆ ಎಳೆದುಕೊಂಡ.

ಸುಬ್ಬಲಕ್ಷ್ಮಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಅರುವತ್ತು ದಾಟಿದ, ಗುಂಡಗಿನ ಹೆಂಗಸು. ಕಾಳಪ್ಪನ ಭಾವ ಎಂದು ತಿಳಿದದ್ದೇ ಒಳಗೆ ಕರೆದು ಕೂರಿಸಿ, ಕೇಳದಿದ್ದರೂ ಮಜ್ಜಿಗೆ ತಂದಿಟ್ಟರು.

“ಅವನು ಮಾಡಿದಾನೆ ಅಂತ ಬ್ರಹ್ಮ ಬಂದು ಹೇಳಿದ್ರೂ ನಾನು ನಂಬಲ್ಲ ಕಣಪ್ಪ,” ಎಂದರು. “ನಮ್ಮ ರಾಣೀನ ಉಳಿಸಿದೋನು ಅವನು.”

“ಹೇಗಮ್ಮ?”

“ಎಲ್ಲಾರ ನಾಯಿಗೂ ಸೂಜಿ ಹಾಕ್ತಿದೀಯ, ನಮ್ಮ ರಾಣಿಗೆ ಯಾಕೋ ಬರೀ ಮಾತ್ರೆ ಅಂತ ಜಗಳ ಆಡ್ದೆ. ‘ಅಮ್ಮ, ಈ ಜಾತಿಗೆ ಆ ಸೂಜಿ ಆಗಲ್ಲ, ಬಿದ್ದುಬಿಡ್ತಾವೆ’ ಅಂದ. ಮಾತ್ರೆ ಪುಡಿ ಮಾಡಿ, ಮುದ್ದೆ ಒಳಗಿಟ್ಟು ಅವನೇ ತಿನ್ನಿಸ್ದ. ಹೊಟ್ಟೆ ತಣ್ಣಗಿರ್ಲಿ ಅವನ್ದು.”

ಆಕೆ ಹರಸುತ್ತಲೇ ಹೋದರು. ಅಂಜನಪ್ಪ ಮಜ್ಜಿಗೆಯ ಲೋಟ ಹಿಡಿದುಕೊಂಡು ಕುಡಿಯಲಾರದೆ ಕೂತ. ಬದರೀನಾರಾಯಣ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಾಗಿರಲಿಲ್ಲ.

“ಆಮೇಲೆ ಎಲ್ಲಿಗೆ ಹೋದ?”

“ಲಕ್ಷ್ಮೀದೇವಮ್ಮನೋರ ಮನೆಗೆ. ಭೀಮನಿಗೆ ಅಂತ ಜೇಬಲ್ಲಿ ಇನ್ನೊಂದು ಮಾತ್ರೆ ಇಟ್ಕೊಂಡಿದ್ದ.”

“ಮಾತ್ರೆ ತಗೊಂಡ್ಹೋದ್ನಾ? ನೀವೇ ನೋಡಿದ್ರಾ?” ಅಂಜನಪ್ಪ ಎದ್ದೇಬಿಟ್ಟ. ಮುಳುಗುತ್ತಿದ್ದವನಿಗೆ ಕೈಗೆ ಏನೋ ಸಿಕ್ಕ ಹಾಗಾಗಿತ್ತು.

“ನೋಡ್ದೆ. ನೋಡಿ ನಕ್ಕೆ. ಅವತ್ತು ಏಕಾದಶಿ. ಆ ಮನೇಲಿ ಏಕಾದಶಿ ದಿನ ಒಲೆ ಹಚ್ಚೋ ಮಾತೇ ಇಲ್ಲ. ಆಯಮ್ಮನಿಗೂ ಇಲ್ಲ, ಭೀಮನಿಗೂ ಇಲ್ಲ. ಹಾಲು ಕೂಡ ಹಾಕ್ತಿರ್ಲಿಲ್ಲ, ಬರೀ ನೀರು. ಏಕಾದಶಿ ಮಾಡೋ ನಾಯಿ ಅಂತ ಬೀದಿಯೋರೆಲ್ಲ ಆಡ್ಕೊಳ್ಳೋರು. ‘ಅನ್ನ ಇಲ್ದ ಮನೇಲಿ ಮಾತ್ರೆ ಯಾವುದರಲ್ಲಿಟ್ಟು ಕೊಡ್ತೀಯೋ ಪೆದ್ದ? ನಾಳೆ ದ್ವಾದಶಿ, ಬೆಳಿಗ್ಗೆ ಅಡುಗೆ ಆಗಿರುತ್ತೆ, ಆವಾಗ ಹೋಗು’ ಅಂದೆ.”

“ಅದಕ್ಕೇನಂದ?”

ಸುಬ್ಬಲಕ್ಷ್ಮಮ್ಮ ನೆನಪು ಮಾಡಿಕೊಂಡರು. ಅವರ ಮುಖದ ನಗು ಮೆಲ್ಲಗೆ ಇಳಿಯಿತು. ಆ ಮಾತಿಗೆ ಅರ್ಥವೇನಿರಬಹುದು ಎಂದು ಅವರೂ ಈಗಷ್ಟೇ ಯೋಚಿಸಿದ ಹಾಗಿತ್ತು.

“‘ನಾಳೆಗಾಗಲ್ಲಮ್ಮ, ಇವತ್ತೇ ಆಗ್ಬೇಕು’ ಅಂದ.”

ಹೊಟ್ಟೆಯ ಹುಳಕ್ಕೆ ಕೊಡುವ ಮಾತ್ರೆಗೆ ಇಂಥ ಆತುರ ಯಾಕೆ? ಅಂಜನಪ್ಪ ರಸ್ತೆಗೆ ಬಂದು ನಿಂತ. ‘ಗೊತ್ತಿದ್ದೋನೇ ಕೊಂದೋನು’ ಎಂದು ಬೆಳಿಗ್ಗೆ ಅವನೇ ನುಡಿದಿದ್ದ, ಅದೂ ಪರಮಶಿವಯ್ಯನವರ ಎದುರಿಗೆ, ಭಾರೀ ಜಾಣನ ಹಾಗೆ.

*

ದೀಪ ಹಚ್ಚುವ ಹೊತ್ತಿಗೆ ಠಾಣೆಗೆ ಬಂದ. ಬೈರಯ್ಯ ಟೋಪಿ ಮೇಜಿನ ಮೇಲಿಟ್ಟು ಟೀ ಹೀರುತ್ತಿದ್ದ. ಠಾಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

“ಏನು ಗುರು, ಸಿಕ್ತಾ ಏನಾದ್ರೂ?”

“ಅವನ ಹತ್ರ ಒಂದೇ ಒಂದು ಮಾತು ಕೇಳ್ಬೇಕು.”

“ನಿನ್ನ ಭಾಮೈದ, ಕೇಳು. ನಾನೇನು ಬೇಡ ಅಂದ್ನಾ?” ಬೈರಯ್ಯ ಲೋಟ ಹಿಡಿದುಕೊಂಡೇ ಹಿಂದೆ ಬಂದು, ಲಾಕಪ್ಪಿನ ಗೋಡೆಗೆ ಒರಗಿದ.

ಕಂಬಿಯ ಹಿಂದೆ ಕಾಳಪ್ಪ ಮುದುರಿ ಕೂತಿದ್ದ. ಕೆಳತುಟಿ ಊದಿತ್ತು. ಭಾವನನ್ನು ಕಂಡು ಎದ್ದ, ಎದ್ದ ರಭಸಕ್ಕೆ ಪಕ್ಕೆ ಹಿಡಿದುಕೊಂಡ. ತಾನೂ ಇದೇ ಇಲಾಖೆಯ ಅನ್ನ ತಿನ್ನುವವನಲ್ಲವೇ ಎಂದು ಅಂಜನಪ್ಪನಿಗೆ ನಾಚಿಕೆಯಾಯಿತು. ಇವನನ್ನು ಎಳೆದು ಎದೆಗೆ ಒತ್ತಿಕೊಳ್ಳಬೇಕು, ಇಲ್ಲವೇ ಕೆನ್ನೆಗೆ ಎರಡು ಬಾರಿಸಬೇಕು. ಯಾವುದಕ್ಕೂ ಕಂಬಿ ಬಿಡಲಿಲ್ಲ.

ಹದಿನೆಂಟು ವರ್ಷದ ನೌಕರಿಯ ಅಭ್ಯಾಸ. ಸುತ್ತಿಬಳಸಿ ಕೇಳುವುದು ಅವನಿಗೆ ಬಾರದು.

“ಕಾಳ, ನನ್ನ ಮುಖ ನೋಡಿ ಹೇಳು. ಭೀಮನಿಗೆ ಆ ಸೂಜಿ ಆಗಲ್ಲ ಅಂತ ನಿನಗೆ ಗೊತ್ತಿತ್ತೇನೋ?”

ಇಲ್ಲ ಎನ್ನು. ಇಲ್ಲ ಎಂದರೆ ಸಾಕು, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಅಂಜನಪ್ಪನ ಕಣ್ಣು ಬೇಡುತ್ತಿತ್ತು. ಆದರೆ ಭಾವನ ಎದುರು ಸುಳ್ಳು ಹೇಳಿ ಕಾಳಪ್ಪನಿಗೆ ರೂಢಿಯಿರಲಿಲ್ಲ.

“ಗೊತ್ತಿತ್ತು ಭಾವ.”

ಹಿಂದಿನಿಂದ ಬೈರಯ್ಯ ಟೀಯ ಕೊನೆಯ ಗುಟುಕು ಹೀರಿದ ಸದ್ದು ಕೇಳಿಸಿತು.

“ಎರಡು ದಿನ ನಾನು ಕೇಳ್ದೆ, ಬಾಯಿ ಬಿಡ್ಲಿಲ್ಲ. ಮನೆಯೋರು ಬಂದು ಕೇಳಿದ್ರೆ ನೋಡು, ಹೆಂಗೆ ಬಂತು,” ಎಂದ. ದನಿಯಲ್ಲಿ ಕೊಂಕಿರಲಿಲ್ಲ, ಮರುಕವೇ ಇತ್ತು. “ತಪ್ಪು ತಿಳ್ಕೋಬೇಡ ಗುರು. ನಾನು ಬರ್ಕೋಬೇಕಾಗುತ್ತೆ. ಸಾಕ್ಷಿಗೆ ನಿನ್ನ ಹೆಸರೂ ಹಾಕ್ಬೇಕಾಗುತ್ತೆ. ಪೆನ್ನು ತರ್ತೀನಿ ಇರು.”

ಬೂಟಿನ ಸದ್ದು ಆಚೆ ಕೋಣೆಗೆ ಹೋಯಿತು.

ಬಿಡಿಸಲು ಬಂದವನು ಕೈಯಾರೆ ಕುಣಿಕೆ ಬಿಗಿದಿದ್ದ. ಕಮಲಮ್ಮನಿಗೆ ಹೋಗಿ ಏನೆಂದು ಹೇಳುವುದು? ಅಂಜನಪ್ಪನಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

“ಗೊತ್ತಿದ್ದೂ ಹಾಕಿದ್ಯೇನೋ? ಯಾಕೋ? ನಿಮ್ಮಕ್ಕನ ಹೊಟ್ಟೆ ಉರಿಸೋಕೆ ಹುಟ್ಟಿದ್ಯೇನೋ?”

ಕಾಳಪ್ಪ ಎರಡೂ ಕೈ ಹೊರಗೆ ಚಾಚಿ ಅವನ ತೋಳು ಹಿಡಿದು, ಕಂಬಿಗೆ ಕಿವಿ ತಾಗುವಷ್ಟು ಹತ್ತಿರಕ್ಕೆ ಎಳೆದ.

“ಅವತ್ತು ಬೆಳಿಗ್ಗೆ ಆಯಮ್ಮನೇ ಕೇಳಿದ್ದು ಭಾವ,” ಎಂದ, ಉಸಿರಿಗಿಂತ ಮೆಲ್ಲಗೆ. “‘ನಾಳೆ ಸಾಯಂಕಾಲ ಒಬ್ರು ಬರೋರಿದಾರೆ. ಬೀರುವಲ್ಲಿರೋ ಒಂದು ಮುಖ್ಯವಾದ್ದು ಅವರಿಗೆ ಒಪ್ಪಿಸ್ಬೇಕು, ಬಂದಿದ್ದು ಯಾರಿಗೂ ಗೊತ್ತಾಗ್ಬಾರ್ದು. ಭೀಮ ಅವರನ್ನ ಕಂಡ್ರೆ ಬೊಗಳಿ ಬೀದಿ ಕೂಡಿಸುತ್ತೆ. ಹೇಗೂ ಇವತ್ತು ಎಲ್ಲ ನಾಯಿಗೂ ಮದ್ದು ಹಾಕ್ತಿದೀಯ, ಇವತ್ತೇ ಆದ್ರೆ ಯಾರಿಗೂ ಅನುಮಾನ ಬರಲ್ಲ, ನಾಳೆ ರಾತ್ರಿ ತನಕ ಮಲಗಿಸ್ಬಿಡು ಕಾಳಪ್ಪ’ ಅಂತ ಕೈ ಹಿಡ್ಕೊಂಡ್ರು. ನಿದ್ದೆ ಮಾತ್ರೆ ತಗೊಂಡ್ಹೋದೆ. ಮನೇಲಿ ಒಂದಗುಳು ಅನ್ನ ಇಲ್ಲ. ಬರೀ ಮಾತ್ರೆ ಬಾಯಿಗಿಟ್ರೆ ಉಗೀತು, ಮತ್ತೆ ಇಟ್ರೆ ಮತ್ತೆ ಉಗೀತು. ಬಾಟ್ಲಿ ಚೀಲದಲ್ಲಿತ್ತು. ಬಿದ್ದುಬಿಡುತ್ತೆ ಅಂತ ಅಷ್ಟೇ ಹೇಳಿದ್ರು ಭಾವ ನನಗೆ, ಸಾಯುತ್ತೆ ಅನ್ಲಿಲ್ಲ. ಬಿದ್ರೆ ಮಾರನೇ ದಿನ ಏಳುತ್ತೆ ಅಂದ್ಕೊಂಡೆ.” ಅವನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. “ಚುಚ್ಚುವಾಗ ನನ್ನ ಕೈ ನೆಕ್ಕುತ್ತಿತ್ತು ಭೀಮ.”

“ಯಾರೋ ಬರೋರಿದ್ದಿದ್ದು? ಹೆಸರು ಹೇಳಿದ್ರಾ?”

“ಹೇಳಿದ್ರು.”

“ಹೇಳಿದ್ರಾ! ಮತ್ತೆ ಇಷ್ಟು ಏಟು ತಿಂದೂ ಅದನ್ಯಾಕೋ ಬಾಯಿ ಬಿಡ್ಲಿಲ್ಲ?”

“ಇಲ್ಲಿ ಯಾರಿಗೆ ಹೇಳ್ಲಿ ಭಾವ?”

ಕಾಳಪ್ಪನ ಕಣ್ಣು ಭಾವನ ಹೆಗಲ ಮೇಲಿಂದ ಹಾದು ಆಚೆ ಕೋಣೆಯ ಬಾಗಿಲ ಮೇಲೆ ನಿಂತಿತ್ತು. ಅವನ ಬೆರಳುಗಳು ಅಂಜನಪ್ಪನ ತೋಳಿನೊಳಕ್ಕೆ ಇಳಿದವು.

“ಈಗ ಪೆನ್ನು ತರೋಕೆ ಹೋದ್ರಲ್ಲ, ಅವರೇ.”

ಬೂಟಿನ ಸದ್ದು ಹಿಂದಿರುಗಿ ಬಂತು. ಬೈರಯ್ಯನ ಕೈಯಲ್ಲಿ ಪೆನ್ನೂ ಇರಲಿಲ್ಲ, ಕಾಗದವೂ ಇರಲಿಲ್ಲ. ಲಾಕಪ್ಪಿನ ಬೀಗದ ಕೈ ಇತ್ತು.

“ಹೊರಡು ಗುರು, ಹೊತ್ತಾಯ್ತು,” ಎಂದು ಅವನು ಗೆಳೆಯನ ಬೆನ್ನ ಮೇಲೆ ಕೈಯಿಟ್ಟ. “ಕಮಲಮ್ಮನಿಗೆ ಧೈರ್ಯ ಹೇಳು. ಪಿ.ಸಿ.ಗಳನ್ನೆಲ್ಲ ಮನೆಗೆ ಕಳಿಸ್ಬಿಟ್ಟಿದೀನಿ. ಬೆಳಗಾಗೋ ತನಕ ಇವನ ಜೊತೆ ನಾನೊಬ್ಬನೇ ಇರ್ತೀನಿ.”